ಸವೆತದ ಲೆಕ್ಕ

ಹಾಸನದ ಹಳೇ ಮಾರ್ಕೆಟ್ಟಿನ ಪಡುವಣ ಬಾಗಿಲಲ್ಲಿ
ಆಲೂಗಡ್ಡೆ ಮೂಟೆಗಳ ಮಣ್ಣುವಾಸನೆ ದಾಟಿದರೆ
ಒಳಗೆ ಹಗಲೂ ಮುಸ್ಸಂಜೆ.
ಮಾಡಿನಲ್ಲಿ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು;
ಅದರಿಂದಿಳಿದ ಬಿಸಿಲಿನ ತುಂಡು
ಬೆಳಿಗ್ಗೆ ಮೇದರ ಗಿರಿಯಮ್ಮನ ಮೊರಗಳ ಮೇಲೆ,
ಹನ್ನೊಂದಕ್ಕೆ ಬೀಗದ ರಾಚಪ್ಪನ ಮೊಣಕಾಲ ಮೇಲೆ,
ಮಧ್ಯಾಹ್ನ ಕಲಾಯಿ ತಿದಿಯ ಬಾಯಿಗೆ.
ಗಡಿಯಾರ ಕಟ್ಟಿದವರು ಇಲ್ಲಿ ಕಡಿಮೆ.

ಇಪ್ಪತ್ತೊಂದು ವರ್ಷ ಈ ಸಾಲಿಗೆ ಬಂದವನು ನಾನು.
ಕೈಯಲ್ಲಿ ತೇಗದ ಪೆಟ್ಟಿಗೆ,
ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಸರ್ಕಾರದ ಬಟ್ಟುಗಳು,
ಬರಿಗೈ ತಾಗಬಾರದೆಂದು ಒಂದು ಚಿಮಟ.
ಬಾಗಿಲಲ್ಲಿ ನಾನು ಕೆಮ್ಮಿದರೆ ಸಾಕು,
ತಟ್ಟೆಯ ಅಡಿಗೆ ಅಂಟಿಸಿದ್ದ ಹುಣಿಸೇಹಣ್ಣನ್ನು
ಯಾರೋ ಅವಸರದಲ್ಲಿ ಬಾಯಿಗೆ ಹಾಕಿಕೊಂಡು
ಹುಳಿಗೆ ಕಣ್ಣು ಮುಚ್ಚುತ್ತಿದ್ದರು.
ತೂಕದ ಸಾಹೇಬ್ರು.
ಹೆಸರು ಯಾರಿಗೂ ಬೇಕಿರಲಿಲ್ಲ.

ಇವತ್ತು ಬರಿಗೈ. ಯಾರೂ ತಲೆಯೆತ್ತಲಿಲ್ಲ.
ಗಿರಿಯಮ್ಮನ ಜಾಗದಲ್ಲಿ ಸೊಸೆ;
ಬಿದಿರ ಸೀಳು ಹಲ್ಲಲ್ಲಿ ಕಚ್ಚಿ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಾಳೆ,
ಬೈಗುಳ ಅರ್ಧವೇ ಹೊರಗೆ ಬರುತ್ತಿದೆ.
ರಾಚಪ್ಪನ ಬಾಗಿಲಿಗೆ ಬೀಗ, ಅದೂ ಅಲೀಗಢದ್ದು.
ಕಲಾಯಿಯವನು ಕಾದ ಬಿಂದಿಗೆಗೆ ನವಸಾಗರ ಎರಚಿದ,
ಬಿಳಿ ಹೊಗೆ, ತವರದ ಒಂದು ಹನಿ,
ಅರಿವೆ ಒಂದು ಸುತ್ತು ತಿರುಗಿತೋ ಇಲ್ಲವೋ
ಒಳಗೆ ನನ್ನ ಮೂಗು ಕಾಣಿಸಿತು.

ಕೊನೆಯ ಮೂಲೆ ಗೌಸ್ ಸಾಬರದ್ದು.
ತೊಲೆಗೆ ನೇತುಬಿದ್ದ ತಕ್ಕಡಿಗಳು, ಒಂದಕ್ಕೂ ತಟ್ಟೆಯಿಲ್ಲ.
ಮಗಳು ಶಾಹಿದಾ ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆ ಬಿಚ್ಚಿ
ಸತ್ತ ಜಿರಳೆಯೊಂದನ್ನು ಮೇಲೆತ್ತಿದಳು:
"ಇದೇ ಸರ್, ಮೂರು ಗ್ರಾಂ ಸುಳ್ಳು ಹೇಳಿಸ್ತಿದ್ದದ್ದು."
ನಾನು ಹೆಸರು ಹೇಳಲಿಲ್ಲ. ಕೆಮ್ಮು ಬಂತು, ಕೆಮ್ಮಿದೆ.
"ತೂಕದ ಸಾಹೇಬ್ರು," ಅಂದರು ಸಾಬರು,
ಗೋಡೆಗೊರಗಿದಲ್ಲಿಂದ, ಪೊರೆಗಣ್ಣು ಈ ಕಡೆ ತಿರುಗಿಸದೆ.

ಎಂಬತ್ತೇಳರಲ್ಲಿ
ಇವರ ಇನ್ನೂರು ಗ್ರಾಮಿನ ಹಿತ್ತಾಳೆ ಬಟ್ಟುಗಳನ್ನು
ಹನ್ನೆರಡಕ್ಕೆ ಹನ್ನೆರಡೂ ತಿರಸ್ಕರಿಸಿದ್ದೆ.
ಕಡಿಮೆಯಿದ್ದವೆಂದಲ್ಲ. ಹೆಚ್ಚಿದ್ದವು.
ನಿಯಮ ಒಪ್ಪುವುದಕ್ಕಿಂತ ಕೂದಲೆಳೆಯಷ್ಟು ಹೆಚ್ಚು.
"ಸವೀತದೆ ಸ್ವಾಮಿ, ಅದಕ್ಕೇಂತ ಬಿಟ್ಟಿದೀನಿ."
ಸವೆತಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮು ಇರಲಿಲ್ಲ.
ಮತ್ತೆ ಮಾತಾಡದೆ ಅರ ತಗೊಂಡರು, ನನ್ನೆದುರೇ ಉಜ್ಜಿದರು,
ಪುಡಿ ಉದುರಿದ ಪೇಪರನ್ನು ಪೊಟ್ಟಣ ಕಟ್ಟಿ ಜೇಬಿಗಿಟ್ಟರು.
ನಾನು ಮುದ್ರೆ ಒತ್ತಿದೆ.
ಎಷ್ಟು ಜೋರಾಗಿ ಒತ್ತಿದ್ದೆನೆಂದು ಈಗ ನೆನಪಾಗುತ್ತದೆ.

ಗುಜರಿಗೆ ಕಾದ ಗೋಣಿಯಲ್ಲಿ ಕೈಯಾಡಿಸಿ ಒಂದನ್ನೆತ್ತಿದೆ,
ಬೋರಲು ತಿರುವಿದೆ. ನನ್ನ ನಂಬರು. ಎಂಟು. ಏಳು.
ಏಳರ ಬಾಲ ಅಳಿಸಿಹೋಗಿದೆ.
ಸಕಲೇಶಪುರದ ಯಾಲಕ್ಕಿ ತೂಗಿದ್ದಂತೆ ಇದು.
ಮೂಸಿದೆ. ಯಾಲಕ್ಕಿಯಲ್ಲ, ಕೈಯ ವಾಸನೆ.

"ಇದಕ್ಕೆಷ್ಟಮ್ಮ?"
"ಹಿತ್ತಾಳೆ ಕೇಜಿಗೆ ಐನೂರು ಸರ್."
ಆಗಷ್ಟೇ ನಿಜ ಕಲಿತ ತಕ್ಕಡಿಯ ಮೇಲಿಟ್ಟಳು.
ಕೆಂಪು ಅಂಕಿಗಳು ನಡುಗಿ, ನಿಂತವು:
ನೂರ ತೊಂಬತ್ತೆಂಟು.

ಎಷ್ಟೆಂದು ಸಾಬರು ಕೇಳಲಿಲ್ಲ.
ಎರಡು ಗ್ರಾಂ, ಯಾರ ಹೆಬ್ಬೆರಳಿಗೆ ಹೋಯಿತೋ,
ಯಾರ ಮನೆಯ ಪಾಯಸಕ್ಕೆ
ಎಷ್ಟು ಸಲ ಎರಡೆರಡು ಕಾಳು ಕಡಿಮೆ ಬಿತ್ತೋ.
"ಅವತ್ತಿನ ಆ ಪುಡಿ?" ಅಂದೆ.
"ಯಾವುದೋ ಬಿಂದಿಗೆ ತೂತಿಗೆ ಬೆಸುಗೆ ಆಯ್ತು."

ನೂರರ ನೋಟು ಕೊಟ್ಟು, ಇರಲಿ ಬಿಡಮ್ಮ ಅಂದೆ.
ಶಾಹಿದಾ ಡಬ್ಬಿ ತಡಕಿದಳು, ಸಿಗಲಿಲ್ಲ,
ಎದ್ದು ಕಲಾಯಿಯವನ ಹತ್ತಿರ ಹೋಗಿ
ಮಸಿ ಹತ್ತಿದ ಒಂದು ರೂಪಾಯಿ ತಂದು
ನನ್ನ ಅಂಗೈಯಲ್ಲಿಟ್ಟಳು.

ಬಿಸಿಲಿನ ತುಂಡು ಅಷ್ಟರಲ್ಲಿ
ಸಾಬರ ಬರಿಗಾಲಿನ ಹೆಬ್ಬೆಟ್ಟು ಮುಟ್ಟಿತ್ತು.
"ಎರಡೂವರೆ," ಅಂದರು.